ಯಾರ ಮದುವೆಗೆ ಈ ಸುಣ್ಣ?

"ನಿಲ್ರಿ! ಆ ಕುಂಚ ಗೋಡಿಗೆ ತಾಗಿಸಬ್ಯಾಡ್ರಿ!"

ಗುರುಲಿಂಗಮ್ಮ ಬೆಚ್ಚಿದಳು. ಸುಣ್ಣ ಸೀರೆಯ ಮೇಲೆ ಚೆಲ್ಲಿತು.

ಒಂದು ಗೋಡೆಯಲ್ಲಿ ಮಸುಕಾದ ಚಿತ್ರವಿದ್ದ ಆನೆಗೊಂದಿಯ ಆ ಹಳೆಯ ಮಂಟಪ ಅವಳ ಮನೆತನದ್ದು. ಅಕ್ಕನ ಮದುವೆಗೆಂದು ಸುಣ್ಣ ಬಳಿಯುತ್ತಿದ್ದಳು. ಬಾಗಿಲಲ್ಲಿದ್ದವನು ಕೊಪ್ಪಳದ ಗವಿಸಿದ್ದಪ್ಪ. ಹಳೆಯ ಚಿತ್ರಗಳ ಚರಿತ್ರೆ ಬರೆಯುವವನು.

"ಮದುವಿ ಮನ್ಯಾಗ ಸುಣ್ಣ ಬ್ಯಾಡ ಅನ್ನಾಕ ನೀವೇನ್ ನಮ್ಮ ಬೀಗರೇನ್ರಿ?"

"ಬೀಗ ಆದ್ರ ಗೋಡಿ ಉಳಸ್ತೀರೇನ್ರಿ?"

ಅವಳು ನಕ್ಕುಬಿಟ್ಟಳು. ಗೋಡೆ ಉಳಿಯಿತು.

ಅವನು ಮತ್ತೆ ಮತ್ತೆ ಬಂದ. ತೆಳು ಕಾಗದವನ್ನು ಗಂಜಿಯಿಂದ ಚಿತ್ರದ ಮೇಲೆ ಅಂಟಿಸಿ ಗೆರೆ ಇಳಿಸಿಕೊಳ್ಳುವನು. ಒದ್ದೆ ಬಟ್ಟೆ ಒತ್ತಿ ಮೆಲ್ಲಗೆ ಬಿಡಿಸುವನು. ಅವಳು ಕಾಗದ ಹಿಡಿಯುವಳು.

ಚಿತ್ರದಲ್ಲೊಬ್ಬಳು ಯಾರಿಗೋ ಕಾದು ನಿಂತಿದ್ದಳು.

"ಅಂವ ಬರ್ತಾನಂತೀರೇನ್ರಿ?" ಎಂದು ಒಮ್ಮೆ ಕೇಳಿದಳು. ಅವನು ಕಾಗದದ ಮೇಲೆ ಚಿತ್ರದವಳ ಕಣ್ಣುಗಳ ಗೆರೆ ಎಳೆಯತೊಡಗಿದ...

ಊರು ಮಾತ್ರ ಬೇರೆಯೇ ಕಥೆ ಕಟ್ಟಿತು. ಗೋಡೆಯನ್ನು ಅಷ್ಟು ತಡವುವವನಿಗೆ ಅದರ ಹಿಂದೆ ನಿಧಿ ಕಂಡಿರಲೇಬೇಕು!

ನಲವತ್ತೆಂಟರ ಬೇಸಿಗೆ. ನಿಜಾಮನ ಸೀಮೆಯಲ್ಲಿ ಊರುಗಳು ಉರಿಯತೊಡಗಿದ್ದವು. ಗಂಗಾವತಿಯ ಕಡೆ ಹೊಗೆ ಎದ್ದ ದಿನ ಆನೆಗೊಂದಿಯ ನಾಯಿಗಳೂ ಬೊಗಳಲಿಲ್ಲ.

ಗವಿಸಿದ್ದಪ್ಪ ಮಂಟಪದಲ್ಲೇ ಇದ್ದಾಗ ನೆರೆಮನೆಯ ಹುಸೇನಬೀ ಓಡಿಬಂದಳು. "ಯವ್ವಾ, ಬಂದೂಕಿನ ಮಂದಿ ನಿಧಿ ಐತಂತ ಚಿತ್ರದ ಗೋಡಿ ಒಡ್ಯಾಕ ಬರಾಕತ್ತಾರ. ಇವರನ್ನೂ ಹುಡುಕಾಕತ್ತಾರ! ನಮ್ಮ ಹರಿಗೋಲು ಐತಿ, ಲಗೂನ ಕಳಸು!"

"ಹೊಳಿ ದಾಟ್ರಿ, ಆ ದಂಡಿ ನಿಜಾಮನದಲ್ಲ," ಎಂದಳು ಗುರುಲಿಂಗಮ್ಮ.

"ಗೋಡಿ...?"

"ಅದನ್ನ ನನಗ ಬಿಡ್ರಿ."

ಗೋಡೆಯನ್ನಷ್ಟೇ ಕೇಳಿದನಲ್ಲ! ಹರಿಗೋಲು ಚುಕ್ಕಿಯಾಗುವವರೆಗೂ ಅವಳೆದೆಯಲ್ಲಿ ಅದೊಂದೇ ಚುಚ್ಚುತ್ತಿತ್ತು.

ಅಪ್ಪನ ಹಳೆಯ ಧೋತರ ಹರಿದು, ಗಂಜಿ ಹಚ್ಚಿ, ಚಿತ್ರದ ಮೇಲೆ ಅಂಟಿಸಿದಳು. ಅದರ ಮೇಲೆ, ಇಡೀ ಮಂಟಪಕ್ಕೆ, ಸುಣ್ಣ ಬಳಿದಳು.

ಬಂದೂಕಿನವರು ಬಂದಾಗ ಎಲ್ಲ ಗೋಡೆಯೂ ಒಂದೇ ಬಿಳಿ.

"ಚಿತ್ರದ ಗೋಡಿ ಯಾವುದು?"

"ಯಾವ ಚಿತ್ರರಿ? ಮದುವಿಗೆ ಸುಣ್ಣ ಹಚ್ಚೇವಿ."

"ಯಾರ ಮದುವಿ?"

"ನಂದು."

ನೆಲ ಅಗೆದರು, ಬೈದರು, ಹೋದರು. ಆ ಸುಳ್ಳು ಮಾತ್ರ ಹೊಳೆ ದಾಟಿತು.

ಗಲಭೆ ತಣ್ಣಗಾಯಿತು. ದಾಟಿಹೋದವರೆಲ್ಲ ಮರಳಿದರು. ಅವನೊಬ್ಬ ಬರಲಿಲ್ಲ. ಸತ್ತನೋ... ಮರೆತನೋ...

ಚಳಿಗಾಲದ ಒಂದು ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಗವಿಸಿದ್ದಪ್ಪ! ಗಡ್ಡ ಬೆಳೆದಿತ್ತು. ಬಿಳಿ ಗೋಡೆಯನ್ನೇ ನೋಡುತ್ತಿದ್ದ.

"ನಿಮ್ಮ ಮದುವಿ ಆತಂತ ಕೇಳಿ ಇಷ್ಟ ದಿನ ಬರಲಿಲ್ಲ. ಆದ್ರೂ ಪೂರಾ ನಂಬಿರಲಿಲ್ಲ... ಸುಣ್ಣ ನೋಡಿದೆ. ಛಲೋ ಇರ್ರಿ."

ಅವನು ತಿರುಗಿದ.

"ನಿಲ್ರಿ!" ಈ ಸಲ ಕೂಗಿದವಳು ಅವಳು.

ಒದ್ದೆ ಬಟ್ಟೆ ಒತ್ತಿ ಹಿಡಿದಳು. ಸುಣ್ಣದ ಸಮೇತ ಧೋತರದ ಅಂಚು ಮೆಲ್ಲಗೆ ಬಿಟ್ಟುಕೊಂಡಿತು. ಚಿತ್ರದವಳ ಕೈಯ ಬಣ್ಣ ಬಟ್ಟೆಗೆ ಹತ್ತಿಬಂದಿತ್ತು. ಆದರೆ ಕಣ್ಣುಗಳು... ಕಣ್ಣುಗಳು ಹಾಗೇ ಇದ್ದವು!

ಅವನು ಕುಸಿದು ಕುಳಿತ. "ಅವತ್ತು ಗೋಡಿ ಬಗ್ಗೆ ಕೇಳಿದೆ. ನಿನ್ನ ಕೇಳಾಕ ಬಾಯೇ ಬರಲಿಲ್ಲ, ಗುರುಲಿಂಗಾ... ಹಂಗಾದ್ರ ಮದುವಿ?"

"ಯಾರ ಜೋಡಿ ಅಂತ ಯಾರೂ ಕೇಳಲಿಲ್ರಿ."

ಅವಳು ಚಿತ್ರದ ಕಡೆ ನೋಡಿ ಕೇಳಿದಳು.

"ಈಕಿ ಕಾದಾಂವ ಬಂದಾನೇನ್ರಿ?"

ಸುಣ್ಣ ಮೆತ್ತಿದ ಅವಳ ಬೆರಳುಗಳನ್ನು ಅವನು ಹಿಡಿದುಕೊಂಡ.

"ತಡಾ ಮಾಡ್ಯಾನ... ಬಂದಾನ."