ಹತ್ತದ ಕೆಂಪು ದೀಪ

ತಲೆಯ ಮೇಲೆ ದೊಡ್ಡ ಟ್ರಕ್ಕು. ಇಂಜಿನ್ ಕಿರುಚುತ್ತಿತ್ತು.

ನಾನಿದ್ದದ್ದು ಗ್ಯಾರೇಜಿನ ಗುಂಡಿಯಲ್ಲಿ. ಮೆಟ್ಟಿಲ ಮೇಲೆ ಇಂಜಿನ್ನಿನ ಹೊಟ್ಟೆ ಬಂದು ಕೂತಿತ್ತು. ಪಕ್ಕದ ಸಂದಿಯಲ್ಲಿ ತಲೆ ಹಾಕಿದರೆ ಕಬ್ಬಿಣದ ಸಲಾಕೆ ಕಾಯುತ್ತಿತ್ತು. ಒಂದು ಏಟು ಆಗಲೇ ಹೆಗಲಿಗೆ ಬಿದ್ದಿತ್ತು ಸ್ವಾಮಿ!

ಸಲಾಕೆ ಹಿಡಿದವನು ಗ್ಯಾರೇಜಿನ ಯಜಮಾನ. ಟ್ರಕ್ಕಿನ ಹೊಗೆ ಸೋಸುವ ಫಿಲ್ಟರ್ ತೊಳೆಯುವುದೇ ಅವನ ಕಸುಬು. ಊರಿಗೆಲ್ಲ ಅವನು ಬೂದಿರಾಯ.

"ಅರ್ಧ ಗಂಟೆ ಅಷ್ಟೆ," ಅಂದ. "ಹೊಗೆ ಕುಡಿದು ಸತ್ತ ಕಳ್ಳ ಅಂತ ಹೇಳ್ತೀನಿ."

"ನೀನು ಫಿಲ್ಟರ್ ತೊಳೆದ ಗಾಡಿ ಓಡಿಸಿ ನಮ್ಮ ಭಾವ ಮೂರು ದಿನದಿಂದ ಲಾಕಪ್ಪಲ್ಲಿದ್ದಾರೆ ಕಣೋ."

"ಫಿಲ್ಟರ್ ಕಟ್ಟಿದೆ ಅಂತ ಮೀಟರಿನ ಕೆಂಪು ದೀಪ ನೋಡಿಯೂ ಗಾಡಿ ಓಡಿಸಿದ. ಗಾಡಿ ಹತ್ತಿ ಉರೀತು. ಒಬ್ಬ ಸತ್ತ. ನಾನೇನ್ ಮಾಡ್ಲಿ?"

"ದೀಪ ಹತ್ತಿದ್ರೆ ತಾನೆ ನೋಡೋದು?"

ಸಲಾಕೆ ಸಂದಿಯ ಅಂಚಿಗೆ ಬಡಿಯಿತು.

ಕದ್ದ ಲಾರಿ ಹುಡುಕುವುದು ನನ್ನ ಕೆಲಸ. ಈ ಸಲ ಲಾರಿಯಲ್ಲ, ನಿಜ ಹುಡುಕಲು ಕಳಿಸಿದವಳು ಅಕ್ಕ. "ಅವರು ದೀಪ ಕಂಡು ಸುಮ್ನೆ ಓಡಿಸೋರಲ್ಲ ಕಣೋ," ಅಂತ ಅತ್ತಿದ್ದಳು. ಅವಳ ಮಾತು ನಿಜವೆಂದು ಗುಂಡಿಗೆ ಇಳಿದ ಐದೇ ನಿಮಿಷದಲ್ಲಿ ಗೊತ್ತಾಗಿತ್ತು.

ಡೀಸೆಲ್ ಹೊಗೆಯ ಮಸಿಯನ್ನು ಫಿಲ್ಟರ್ ಹಿಡಿದಿಡುತ್ತದೆ. ಮಸಿ ತುಂಬಿದರೆ ಇಂಜಿನ್ನೇ ಅದನ್ನು ಸುಟ್ಟು ಬೂದಿ ಮಾಡುತ್ತದೆ. ಆ ಬೂದಿಯನ್ನು ಮಾತ್ರ ಫಿಲ್ಟರ್ ಬಿಚ್ಚಿ, ಹಿಂದಿನಿಂದ ಗಾಳಿ ಹೊಡೆದು ತೆಗೆಯಬೇಕು. ಎಷ್ಟು ಕಟ್ಟಿದೆ ಎಂದು ಅಳೆಯಲು ಎರಡು ಸಣ್ಣ ರಬ್ಬರ್ ಹೋಸುಗಳಿವೆ. ಒಂದು ಫಿಲ್ಟರಿನ ಮುಂದಿನದು, ಇನ್ನೊಂದು ಹಿಂದಿನದು. ಮುಂದಿನದರಲ್ಲಿ ಒತ್ತಡ ತೀರಾ ಹೆಚ್ಚಾದರೆ ಡ್ರೈವರಿನ ಎದುರು ಕೆಂಪು ದೀಪ ಹತ್ತುತ್ತದೆ.

ಈ ಗಾಡಿಯಲ್ಲಿ ಆ ಎರಡೂ ಅದಲುಬದಲಾಗಿದ್ದವು. ಫಿಲ್ಟರ್ ಎಷ್ಟೇ ಕಟ್ಟಿರಲಿ, ಗಾಡಿಗೆ ಅದು ಖಾಲಿ. ದೀಪ ಹತ್ತುವುದೇ ಇಲ್ಲ.

"ಬೇಕಂತ ಮಾಡ್ದೆಯಾ?"

"ಮೊದಲನೇ ಸಲ ಕೈತಪ್ಪಿ ಆಯ್ತು. ದೀಪ ಆರಿತು. ಗಿರಾಕಿ ಖುಷಿಯಾದ." ಬೂದಿರಾಯ ನಕ್ಕ. "ಆಮೇಲೆ ತೊಳೆಯೋ ಕಷ್ಟ ಯಾಕೆ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇವನು ಹೋಸು ಬದಲಿಸಿದ, ಭಾವ ಕಂಬಿ ಎಣಿಸುತ್ತಿದ್ದರು.

ಫಿಲ್ಟರಿನ ಡಬ್ಬಿ ಕೆಂಪಗಾಗತೊಡಗಿತು. ಒಳಗೆ ಅತಿಯಾದ ಮಸಿ, ಜೋರಾಗಿ ಓಡುವ ಇಂಜಿನ್ ಅದನ್ನೆಲ್ಲ ಒಮ್ಮೆಗೇ ಸುಡುತ್ತಿತ್ತು... ಹೊಗೆಗೆ ಮುಂಚೆ ಬೆಂಕಿಯೇ ನನ್ನನ್ನು ಮುಗಿಸುತ್ತಿತ್ತು. ಮೇಲೆ ಕ್ಯಾಬಿನ್ನಿನಲ್ಲಿ ಮುದಿ ಡ್ರೈವರೊಬ್ಬ ಬೂದಿರಾಯ ಹೇಳಿದಂತೆ ಆಕ್ಸಿಲರೇಟರ್ ಒತ್ತಿ ಕೂತಿದ್ದ. ಕೆಳಗೆ ಮನುಷ್ಯನಿದ್ದಾನೆಂದು ಅವನಿಗೆ ಗೊತ್ತಿಲ್ಲ. ಕೂಗಿದೆ. ಇಂಜಿನ್ ಸದ್ದು ನನ್ನ ಕೂಗನ್ನು ನುಂಗಿತು.

ಭಯವಾಯಿತು. ಸುಳ್ಳು ಯಾಕೆ ಹೇಳಲಿ?

ನನ್ನ ಕೂಗು ಕೇಳದಿದ್ದರೆ ಗಾಡಿಯೇ ಡ್ರೈವರಿಗೆ ಹೇಳಲಿ!

ತೋಳಿನ ಬಟ್ಟೆ ಹರಿದು ಕೈಗೆ ಸುತ್ತಿದೆ. ಒಂದು ಹೋಸು ಕಿತ್ತೆ. ಬೆರಳು ಚುರ್ರೆಂದಿತು. ಇನ್ನೊಂದನ್ನೂ ಕಿತ್ತೆ. ಎರಡನ್ನೂ ಅವುಗಳ ಸರಿಯಾದ ಜಾಗಕ್ಕೆ ಒತ್ತಿದೆ.

ಒಂದು... ಎರಡು... ಮೂರು...

ಮೇಲೆ ಬಝರ್ ಬಡಿದುಕೊಂಡಿತು. ಇಂಜಿನ್ ತಾನಾಗಿಯೇ ಸದ್ದು ತಗ್ಗಿಸಿತು.

"ಯಜಮಾನ್ರೆ, ಕೆಂಪು ದೀಪ," ಡ್ರೈವರ್ ಇಣುಕಿದ. "ಫಿಲ್ಟರ್ ಪೂರ್ತಿ ಕಟ್ಟಿದೆ ಅಂತ ತೋರಿಸ್ತಿದೆ. ಈಗಷ್ಟೇ ತೊಳೆದೆ ಅಂದ್ರಲ್ಲ?"

"ಅಣ್ಣಾ, ಗಾಡಿ ಹಿಂದಕ್ಕೆ ತಗೋ," ನಾನು ಗುಂಡಿಯಿಂದ ಕೂಗಿದೆ. ಈ ಸಲ ಕೇಳಿಸಿತು.

ಗಾಡಿ ಹಿಂದಕ್ಕೆ ಹೋಯಿತು. ಬೂದಿರಾಯ ಓಡಿದ. ಮೆಟ್ಟಿಲು ಹತ್ತಿ ಬೆನ್ನಟ್ಟಿ, ಗೇಟಿನ ಹತ್ತಿರ ಅವನ ಕಾಲು ಹಿಡಿದು ಕೆಡವಿದೆ. ಡ್ರೈವರ್ ಅವನ ಎದೆಯ ಮೇಲೆ ಕೂತು, ಪೊಲೀಸರು ಬರುವವರೆಗೂ ಏಳಲಿಲ್ಲ.

ಇನ್ಸ್‌ಪೆಕ್ಟರಿಗೆ ನನ್ನ ಮಾತಿನಲ್ಲಿ ನಂಬಿಕೆಯಿರಲಿಲ್ಲ. "ಎರಡು ಹೋಸಿನ ಕತೆ ಹೇಳಿ ನಿಮ್ಮ ಭಾವನ್ನ ಬಿಡಿಸ್ತೀರಾ? ಸಾಕ್ಷಿ ಏನ್ರೀ?" ಅಂದರು. ಬೂದಿರಾಯನ ಕಡೆ ತಿರುಗಿದರು. "ನಡಿಯಯ್ಯ, ವ್ಯಾನ್ ಹತ್ತು. ಠಾಣೆಯಲ್ಲಿ ಮಾತಾಡೋಣ."

ಬೂದಿರಾಯ ಅಲ್ಲಾಡಲಿಲ್ಲ. "ನಡ್ಕೊಂಡೇ ಬರ್ತೀನಿ ಸಾರ್."

"ಯಾಕೋ? ಹೋದ ವಾರ ನೀನೇ ಫಿಲ್ಟರ್ ತೊಳೆದುಕೊಟ್ಟ ವ್ಯಾನು."

ಅವನು ನೆಲ ನೋಡಿದ. ಇನ್ಸ್‌ಪೆಕ್ಟರ್ ವ್ಯಾನು ನೋಡಿದರು. ಒಳಗಿದ್ದ ಕಾನ್‌ಸ್ಟೇಬಲ್ ಮೆಲ್ಲಗೆ ಬಾಗಿಲು ತೆಗೆದು ಕೆಳಗಿಳಿದ.

ಅವತ್ತು ಸಂಜೆಯೇ ಭಾವ ಮನೆಗೆ ಬಂದರು. ಪೊಲೀಸರು ಅವರನ್ನು ನಡೆಸಿಕೊಂಡೇ ಕರೆತಂದರು.