ಸುಜನ್ ಮನೆಯ ಸಬ್‌ವೂಫರ್

"ಹ್ವಾಯ್, ನಾನ್ ಹೇಳ್ತಾ ಇಪ್ಪದ್ ನಿಮ್ಗ್ ಕೇಂತಿಲ್ಯಾ?"

ಕಿಟಕಿಯ ಬಳಿ ನಿಂತಿದ್ದವನು ಈಗ ತಿರುಗಿದ. ಎತ್ತರದ ಆಳು, ಶಾಂತ ಕಣ್ಣು... ಕುಸುಮಳ ಎದೆ ಸುಮ್ಮನೆ ಜೋರಾಗಿ ಬಡಿದುಕೊಂಡಿತು. ಆದರೆ ಅವನ ಮುಖ ಕೆಂಪಾಯಿತು. ಕೋಣೆಯಿಂದ ಹೊರಗೆ ನಡೆದುಬಿಟ್ಟ.

ಇದು 2009ರ ಮಾತು. ಕುಸುಮ ಗಂಗೊಳ್ಳಿಯ ಮೀನು ವ್ಯಾಪಾರಿ ಶೀನನ ಮಗಳು. ಡಿಪ್ಲೊಮಾ ಮುಗಿಸಿ ಕುಂದಾಪುರದ ಅಂಗಡಿಯೊಂದರಲ್ಲಿ ಹೋಮ್ ಥಿಯೇಟರ್ ಜೋಡಿಸುವ ಕೆಲಸಕ್ಕೆ ಸೇರಿದ್ದಳು. ಹೆಣ್ಣುಮಗಳಿಗೆ ಇದೆಲ್ಲ ಆಗುವ ಕೆಲಸವೇ ಎಂದು ಕೇಳಿದವರೇ ಹೆಚ್ಚು. ಬಸ್ರೂರಿನ ಈ ಮನೆ ಅವಳು ಒಬ್ಬಳೇ ಒಪ್ಪಿಕೊಂಡ ಮೊದಲ ಕೆಲಸ.

ಮನೆಯ ಮಗ ಸುಜನ್, ಮುಂಬೈಯ ಹೋಟೆಲನ್ನು ಅಣ್ಣನಿಗೆ ಬಿಟ್ಟು ಊರಿಗೆ ಬಂದವನು. ಸಬ್‌ವೂಫರನ್ನು ಮೂಲೆಗೆ ಒತ್ತಿ ಇಡಬೇಡಿ, ದಪ್ಪ ದನಿಯ ಸ್ಪೀಕರು ಅದು, ಅಲ್ಲಿ ಗುಂಯ್ ಎನ್ನುತ್ತದೆ ಎಂದು ಅವಳು ಹೇಳುತ್ತಲೇ ಇದ್ದಳು. ಅವನು ತಿರುಗಿಯೂ ನೋಡಿರಲಿಲ್ಲ.

'ದೊಡ್ಡ ಮನೆಯವರ ಜಂಬ... ಮೀನು ಮಾರುವವನ ಮಗಳ ಮಾತು ಇವರಿಗೆ ಯಾಕೆ ಬೇಕು?'

ಸ್ಕ್ರೂಡ್ರೈವರನ್ನು ಚೀಲಕ್ಕೆ ತುರುಕಿ ಬಸ್ಸು ಹತ್ತಿದಳು.

ಮರುದಿನ ಬೆಳಿಗ್ಗೆ ಅಂಗಡಿಗೆ ಅವನ ತಾಯಿ ಗಿರಿಜಮ್ಮನೇ ಬಂದರು. ಬೈಯಲು ಬಂದಿದ್ದಾರೆ ಎಂದುಕೊಂಡಳು ಕುಸುಮ. ಅವರು ಅವಳ ಕೈ ಹಿಡಿದುಕೊಂಡರು.

"ಹೆಣೆ, ಅವ್ನಿಗೆ ಎಡದ್ ಕೆಮಿ ಕೇಂತಿಲ್ಲೆ. ಹೇಳುಕ್ ನಾಚ್ಕಿ."

ಮುಂಬೈಯಲ್ಲಿ ಬಂದ ಜ್ವರವೊಂದು ಆ ಕಿವಿಯನ್ನು ಕಸಿದುಕೊಂಡಿತ್ತು. ಗೊತ್ತಾದ ಮೇಲೆ ನಿಶ್ಚಯವಾಗಿದ್ದ ಮದುವೆಯನ್ನು ಹುಡುಗಿಯ ಮನೆಯವರು ಮುರಿದಿದ್ದರು. ಸಿನಿಮಾ ನೋಡಿದರೆ ಮಾತು ತಿಳಿಯದೆ ಅವನು ಎದ್ದುಹೋಗುತ್ತಿದ್ದ. ಅದಕ್ಕೇ ಈ ಹೋಮ್ ಥಿಯೇಟರು.

ಕುಸುಮ ಚೀಲ ಎತ್ತಿಕೊಂಡಳು. ಕಿವಿ ಕೇಳದವನನ್ನೇ, ಕೇಂತಿಲ್ಯಾ ಎಂದು ಗದರಿದ್ದೆನಲ್ಲ...

ಗಿರಿಜಮ್ಮನ ಜೊತೆಗೇ ಹೊರಟಳು. ಈ ಸಲ ಅವನ ಬಲಬದಿಗೆ ನಿಂತು ಕ್ಷಮೆ ಕೇಳಿದಳು. ತಾನೇ ಮೊದಲು ಹೇಳಬೇಕಿತ್ತು ಎಂದ ಅವನು.

ಇಬ್ಬರೂ ಕೆಲಸಕ್ಕೆ ಇಳಿದರು. ಸಬ್‌ವೂಫರನ್ನು ಸುಜನ್ ಕೂರುವ ಸೋಫಾದ ಮೇಲೆ ಇಟ್ಟು, ಒಂದೇ ದಪ್ಪ ಸ್ವರ ಹಾಕಿ, ಗೋಡೆಯುದ್ದಕ್ಕೂ ಅಂಬೆಗಾಲಿಟ್ಟು ಹರಿದರು. ಎಲ್ಲಿ ಆ ಸ್ವರ ಗುಂಯ್‌ಗುಡದೆ ಹದವಾಗಿ ಕೇಳಿಸುತ್ತದೋ ಅಲ್ಲೇ ಸಬ್‌ವೂಫರಿನ ಜಾಗ. ಇಣುಕಿ ನೋಡಿದ ಗಿರಿಜಮ್ಮ ಸೆರಗು ಬಾಯಿಗೆ ಒತ್ತಿ ನಕ್ಕು ಒಳಹೋದರು.

ಸಣ್ಣ ಸ್ಪೀಕರುಗಳ ಮೇಲೆ ದಪ್ಪ ದನಿಯ ಹೊರೆ ಬಿದ್ದು ಮಾತು ಒಡೆಯುತ್ತಿತ್ತು. ಕುಸುಮ ರಿಸೀವರಿನಲ್ಲಿ ಕ್ರಾಸ್‌ಓವರ್ ಎಂಬತ್ತು ಹರ್ಟ್ಸ್‌ಗೆ ಇಟ್ಟಳು. ಅದಕ್ಕಿಂತ ಕೆಳಗಿನ ಗುಡುಗೆಲ್ಲ ಸಬ್‌ವೂಫರಿಗೆ, ಮೇಲಿನ ಮಾತು, ಹಾಡು ಸ್ಪೀಕರುಗಳಿಗೆ. ಮಧ್ಯದ ಸ್ಪೀಕರು ಅವನ ಬಲಗಿವಿಗೆ ಎದುರಾಗುವಂತೆ ಸೋಫಾವನ್ನು ಎಡಕ್ಕೆ ಸರಿಸಿದಳು.

ಗುಡುಗು ಯಾವ ಕಡೆಯಿಂದ ಬಂತೆಂದು ತನಗೆ ತಿಳಿಯುವುದೇ ಇಲ್ಲ ಎಂದ ಸುಜನ್, ತಲೆ ತಗ್ಗಿಸಿ.

"ಅಷ್ಟ್ ಕೆಳಗಿನ್ ಶಬ್ದ ಯಾವ್ ಬದಿಂದ ಬತ್ತ್ ಅಂದೇಳಿ ಎರಡ್ ಕೆಮಿ ಕೇಂಬರಿಗೂ ಗೊತ್ತಾತಿಲ್ಲೆ," ಎಂದಳು ಕುಸುಮ.

ಅವನು ತಲೆ ಎತ್ತಿದ.

ಸಿನಿಮಾ ಶುರುವಾಯಿತು. ಮಳೆಯ ಸದ್ದಿನ ನಡುವೆ ತಾಯಿ ಮಗನನ್ನು ಮೆಲ್ಲಗೆ ಕರೆಯುವ ದೃಶ್ಯ. ಆ ಪಿಸುಮಾತು ಸ್ಪಷ್ಟವಾಗಿ ಕೇಳಿಸಿತು! ಸುಜನ್ ನಗುತ್ತಲೇ ಕಣ್ಣೊರೆಸಿಕೊಂಡ. ಗೆದ್ದೆ ಎಂದು ಕುಣಿಯಬೇಕು ಅನಿಸಿತು ಕುಸುಮಳಿಗೆ.

ಆ ಮನೆಯ ದನಿಯ ಸುದ್ದಿ ಹಬ್ಬಿತು. ಬ್ರಹ್ಮಾವರದಿಂದ ಬೈಂದೂರಿನ ತನಕ ಜನ ಕುಸುಮಳೇ ಬರಬೇಕು ಎಂದು ಕೇಳತೊಡಗಿದರು.

ಆದರೆ ಸುಜನ್‌ನ ಮನೆಯಲ್ಲಿ ಮಾತ್ರ ವಾರಕ್ಕೊಂದು ದೋಷ! ವೈರು ಸಡಿಲ, ರಿಮೋಟು ಕೆಟ್ಟಿದೆ... ಕೊನೆಗೊಂದು ಮಧ್ಯಾಹ್ನ, ಸಿನಿಮಾದ ಗಂಡಸರ ಮಾತೆಲ್ಲ ಸಬ್‌ವೂಫರಿನಿಂದಲೇ ಗುಮ್ಮೆನ್ನುತ್ತಿದೆ ಎಂದು ಫೋನು.

ಬಂದು ನೋಡಿದಳು. ಕ್ರಾಸ್‌ಓವರ್ ಇನ್ನೂರಕ್ಕೆ ಏರಿತ್ತು. ಅದು ತಾನಾಗಿ ಏರುವುದಲ್ಲ.

"ಯಾರ್ ತಿರ್ಸದ್ದ್?"

"ನಾನೇ," ಎಂದ ಸುಜನ್. "ನೀವ್ ಬರ್ಕಿತ್ತ್, ಅದ್ಕೆ."

ಅಷ್ಟು ಹೇಳಿ ರಿಮೋಟನ್ನು ಕೈಯಲ್ಲಿ ತಿರುವತೊಡಗಿದ. ಮುರಿದ ಮದುವೆಯ ಹೆದರಿಕೆ ಅದು ಎಂದು ಅವಳಿಗೆ ಅರ್ಥವಾಯಿತು. ಇವನು ಹೇಳುವುದಿಲ್ಲ... ನಾನೇ ಹೇಳಬೇಕು.

"ನನ್ಗೂ ನಿಮ್ಮನ್ ಕಾಣ್ದೆ ಇಪ್ಪುಕಾತಿಲ್ಲೆ," ಎಂದಳು. ದನಿ ನಡುಗಲಿಲ್ಲ.

ಅವನು ಬಲಗಿವಿ ಮುಟ್ಟಿಕೊಂಡ.

"ಮುಂದೆ ಬಲದ್ ಕೆಮಿಯೂ ಹೋರೆ?"

"ಪ್ರೀತಿ ಮಾತ್ ಬರ್ದ್ ತೋರಿಸ್ತೆ. ಜಗಳ ಮಾತ್ರ ಕೂಗಿಯೇ ಮಾಡುದ್."

ಸುಜನ್ ಜೋರಾಗಿ ನಕ್ಕುಬಿಟ್ಟ. ನಗುತ್ತಲೇ ಅವಳ ಎರಡೂ ಕೈ ಹಿಡಿದುಕೊಂಡ.

"ನಿನ್ ಅಪ್ಪಯ್ಯನ್ ಹತ್ರ ಕೇಂಬುಕೆ ಯಾವಾಗ ಬರ್ಲಿ ಕುಸುಮಾ?"

ನೀವು ಹೋಗಿ ನೀನಾಗಿತ್ತು. ಅವಳ ಕಣ್ಣು ತುಂಬಿತು.

"ಇವತ್ತೇ ಬನ್ನಿ. ಅಮ್ಮನ್ನೂ ಕರ್ಕಂಡ್ ಬನ್ನಿ."