ನೆನೆಯದ ವಿಭೂತಿ

ಬೆಳಗ್ಗೆ ಏಳಕ್ಕೆ ನಾಗರಬಾವಿಯ ಸೈಟಿನಲ್ಲಿ ಗೋಡೆ ಮಕಾಡೆ ಮಲಗಿತ್ತು.

ಎಸ್ಐ ತುಂಗಾ ಬಂದಾಗ ಮಳೆ ನಿಂತಿತ್ತು. ಯಾರ ಮಾತನ್ನೂ ಮೊದಲ ಸಲಕ್ಕೇ ನಂಬುವ ಅಭ್ಯಾಸ ಆಕೆಗಿರಲಿಲ್ಲ. ದೂರು ಕೊಟ್ಟವಳು ಆರ್ಕಿಟೆಕ್ಟ್ ರಕ್ಷಾ. ಸುಡದ, ಚೂರು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆಯಲ್ಲಿ ಅಪ್ಪನಿಗೆ ಮನೆ ಕಟ್ಟಲು ಹೊರಟಿದ್ದಳು. ಇದು ಮಾದರಿ ಗೋಡೆ. ಮಳೆಗೆ ನಿಂತರೆ ಮಣ್ಣಿನ ಮನೆ, ಬಿದ್ದರೆ ಕಾಂಕ್ರೀಟು. ಷರತ್ತು ಅಪ್ಪ ಗುರುಬಸಪ್ಪನವರದ್ದು.

"ಮಣ್ಣಲ್ವಾ ಮೇಡಂ, ಮಳೆಗೆ ಬಿದ್ದಿದೆ. ಕೇಸ್ ಯಾಕೆ?" ಎಂದರು ಅವರು.

ಮೇಸ್ತ್ರಿ ದಾನಮ್ಮ ಸಿಡುಕಿದರು. "ನಾನು ಕಟ್ಟಿದ್ದು ಮಳೆಗೆ ಬೀಳಲ್ಲ. ಹೆಸರು ಕೆಟ್ರೆ ನಮ್ಮ ಹನ್ನೆರಡು ಹೆಂಗಸ್ರನ್ನ ಯಾರು ಕೆಲಸಕ್ಕೆ ಕರೀತಾರೆ?"

"ನಿನ್ನೆ ಹೊರಗಿನವರು ಬಂದಿದ್ರಾ?" ತುಂಗಾ ಕೇಳಿದರು.

"ಕಾಂಕ್ರೀಟ್ ಬ್ಲಾಕ್ ಮಾರೋ ಯಶ್ವಂತ್," ಎಂದಳು ರಕ್ಷಾ. "ಇದು ನಿಲ್ಲಲ್ಲ ಅಂತ ನಕ್ಕು ಹೋದ."

*

ನಾಯಂಡಹಳ್ಳಿಯ ಗೋಡೌನಿನಲ್ಲಿ ಯಶ್ವಂತ್ ಬೆವರೊರೆಸಿಕೊಂಡ.

"ನಕ್ಕಿದ್ದು ನಿಜ ಮೇಡಂ. ಆದ್ರೆ ಸಂಜೆ ನಾನು ಹೊರಟಾಗ ಗೋಡೆ ಪೂಜೆ ನಡೀತಿತ್ತು. ಮೇಲಿನ ಕೊನೇ ಇಟ್ಟಿಗೆಗೆ ಗುರುಬಸಪ್ಪನೋರು ವಿಭೂತಿ ಹಚ್ತಾ ಇದ್ರು."

ತುಂಗಾ ನಂಬಲಿಲ್ಲ. ಸೈಟಿಗೇ ಮರಳಿದರು.

*

ಬುಡದ ಇಟ್ಟಿಗೆಯ ಅಂಚಿನಲ್ಲಿ ಹಾರೆ ಮೀಟಿದ ಗುರುತಿತ್ತು. ಹಾರೆ ಎಲ್ಲಿಡುತ್ತೀರಿ ಎಂದು ಕೇಳಿದರು. ರಕ್ಷಾ ಶೆಡ್ಡಿನ ಬೀಗ ತೆಗೆದಳು. ಮೂಲೆಯಲ್ಲಿ ಹಾರೆ ಒರಗಿತ್ತು. ಪಕ್ಕದಲ್ಲೇ, ಮಡಚಿದ ಪೇಪರಿನ ಮೇಲೆ, ಒಂದು ಇಟ್ಟಿಗೆ. ಅದರ ಮೇಲೆ ವಿಭೂತಿಯ ಮೂರು ಗೆರೆ, ಸ್ವಲ್ಪವೂ ಅಳಿಸಿರಲಿಲ್ಲ.

"ಬೀಗದ ಕೈ ಯಾರ ಹತ್ರ ಇದೆ?"

"ಒಂದು ನನ್ನ ಹತ್ರ." ರಕ್ಷಾಳ ದನಿ ಇಳಿಯಿತು. "ಇನ್ನೊಂದು ಅಪ್ಪಾಜಿ ಹತ್ರ."

ತುಂಗಾ ಗುರುಬಸಪ್ಪನವರತ್ತ ತಿರುಗಿದರು. "ಮಳೆ ಶುರುವಾಗಿದ್ದು ನಿನ್ನೆ ರಾತ್ರಿ ಎಂಟಕ್ಕೆ. ಈ ಗೆರೆ ನೆಂದಿಲ್ಲ. ಅಂದ್ರೆ ಗೋಡೆ ಕೆಡವೋ ಮುಂಚೆ, ಮಳೆಗೂ ಮುಂಚೆ, ಇದನ್ನ ಇಳಿಸಿದಾರೆ. ಯಶ್ವಂತ್ ಆಗಿದ್ರೆ ಒಂದು ಇಟ್ಟಿಗೇನ ಇಷ್ಟು ಜೋಪಾನ ಮಾಡ್ತಿದ್ನಾ? ಬೀಗದ ಕೈ ಎಲ್ಲಿತ್ತು ಅವನಿಗೆ? ಮಗಳೇ ಕೆಡವಿ ಮಗಳೇ ದೂರು ಕೊಡಲ್ಲ. ವಿಭೂತಿ ಕೆಸರಿಗೆ ಬೀಳಬಾರದು ಅಂತ ಹಚ್ಚಿದ ಕೈಗೇ ಅನ್ನಿಸಿದ್ದು, ಅಲ್ವಾ ಸಾರ್?"

ಗುರುಬಸಪ್ಪ ಶೆಡ್ಡಿನ ಹೊಸ್ತಿಲ ಮೇಲೆ ಕೂತರು.

"ಮಣ್ಣಿನ ಮನೇಲಿ ಹುಟ್ಟಿದೋನು ನಾನು. ಇಷ್ಟು ದುಡಿದೂ ಮತ್ತೆ ಮಣ್ಣಿನ ಮನೇನಾ ಅಂತ ಬೀಗರು ಆಡಿಕೊಂಡ್ರೆ? ನಾಚಿಕೆ ಆಯ್ತು. ಬೇಡ ಅಂತ ಇವಳಿಗೆ ಹೇಳೋಕೆ ಬಾಯಿ ಬರಲಿಲ್ಲ."

"ಹಾರೆ ಹಿಡಿಯೋಕೆ ಮಾತ್ರ ಕೈ ಬಂತಾ ಅಪ್ಪಾಜಿ?" ರಕ್ಷಾಳ ಕಣ್ಣು ತುಂಬಿತ್ತು.

ದಾನಮ್ಮ ಕೆಸರಿನಿಂದ ಒಂದು ಇಟ್ಟಿಗೆ ಎತ್ತಿ ಅವರ ಮಡಿಲಲ್ಲಿಟ್ಟರು. "ರಾತ್ರಿಯೆಲ್ಲಾ ನೀರಲ್ಲಿ ಬಿದ್ದಿದೆ. ಉಗುರಲ್ಲಿ ಕೆರೆದು ನೋಡಿ ಯಜಮಾನ್ರೇ."

ಅವರು ಕೆರೆದರು. ಒಂದು ಚೂರೂ ಉದುರಲಿಲ್ಲ.

"ದೂರು ವಾಪಸ್ ತಗೋತೀರಾ?" ತುಂಗಾ ರಕ್ಷಾಳನ್ನು ಕೇಳಿದರು.

"ಗೋಡೆ ಎದ್ದ ಮೇಲೆ."

ಗುರುಬಸಪ್ಪ ಎದ್ದು ನಿಂತು ಅಂಗಿಯ ತೋಳು ಮಡಚಿದರು.